ಕತೆ ತೆರೆಗೆ ಬಂದಾಗ ಬೆರಳು ಯಾರ ಕಡೆಗೆ?

ಕಾದಂಬರಿ ಓದಿ ಆಮೇಲೆ ಅದರ ಸಿನಿಮಾ ನೋಡಿದವರು ಸಾಮಾನ್ಯವಾಗಿ ಆಡುವ ಮಾತು ಒಂದೇ: 'ಪುಸ್ತಕದಷ್ಟು ಚೆನ್ನಾಗಿಲ್ಲ.' ಓದದೆ ನೋಡಿದವರಿಗೆ ಈ ತಕರಾರೇ ಇಲ್ಲ. ಅವರ ಪಾಲಿಗೆ ಸಿನಿಮಾವೇ ಕತೆ. ನಮ್ಮ ಕಳವಾರ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟದ ಕಡೆ ರಾಮಾಚಾರಿ ಯಾರೆಂದು ಕೇಳಿ ನೋಡಿ. ವಿಷ್ಣುವರ್ಧನ್ ಎನ್ನುತ್ತಾರೆಯೇ ಹೊರತು ತ.ರಾ.ಸು. ಎನ್ನುವವರು ಸಿಗುವುದು ಕಷ್ಟ. ಪುಟ್ಟಣ್ಣ ಕಣಗಾಲರು 1972ರಲ್ಲಿ ತೆರೆಗೆ ತಂದ 'ನಾಗರಹಾವು' ಚಿತ್ರಕ್ಕೆ ತ.ರಾ.ಸು. ಅವರ ಒಂದಲ್ಲ, ಮೂರು ಕಾದಂಬರಿಗಳು ಆಧಾರ: 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ'. ಚಿತ್ರ ಭರ್ಜರಿಯಾಗಿ ಗೆದ್ದಿತು. ಕಾದಂಬರಿಕಾರರಿಗೆ ಮಾತ್ರ ಸಮಾಧಾನವಾಗಲಿಲ್ಲ. ತಮ್ಮ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರೆಂದು ಅವರು ಅಂದರೆಂಬ ಮಾತು ಅರ್ಧ ಶತಮಾನ ಕಳೆದರೂ ಸಾಹಿತ್ಯದ ಹರಟೆಗಳಲ್ಲಿ ಇನ್ನೂ ಹರಿದಾಡುತ್ತಿದೆ.

ನಾವೂ ಕತೆ ಬರೆಯುವ ಕಸುಬಿನವರು. ಆ ಮಾತಿನ ಹಿಂದಿನ ಸಂಕಟ ನಮಗೆ ಅರ್ಥವಾಗುತ್ತದೆ. ಆದರೆ ಅದನ್ನು ಪೂರ್ತಿ ಒಪ್ಪಿಕೊಳ್ಳಲು ಮನಸ್ಸು ಹಿಂಜರಿಯುತ್ತದೆ. ಸಾವಿರಾರು ಪುಟಗಳ ಬದುಕನ್ನು ಮೂರು ಗಂಟೆಗೆ ಇಳಿಸುವಾಗ ಏನೂ ಕಳೆದುಹೋಗಬಾರದು ಎನ್ನುವುದು ನ್ಯಾಯದ ಮಾತಲ್ಲ. ಅಲ್ಲದೆ ಪುಸ್ತಕ ಎಲ್ಲಿಗೂ ಹೋಗಿಲ್ಲ. ಬೇಕಾದವರು ಗ್ರಂಥಾಲಯದಲ್ಲಿ ಇಂದಿಗೂ ಓದಬಹುದು. ಹಾವು ಯಾವ ಜಾತಿಯದು ಎಂಬುದಕ್ಕಿಂತ ಅದು ಯಾರನ್ನು ಕಚ್ಚಿತು ಎಂಬುದೇ ನಮಗೆ ಮುಖ್ಯವೆನಿಸುತ್ತದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗಂಭೀರವಾದ ಯಾವುದೇ ಕತೆ ಯಾರನ್ನೋ ಎದುರಿಗೆ ನಿಲ್ಲಿಸಿಕೊಂಡು ಪ್ರಶ್ನೆ ಕೇಳುತ್ತಿರುತ್ತದೆ. ಓದುವವನಿಗೆ ಅದು ಗೊತ್ತಾಗುತ್ತದೆ, ಕೆಲವೊಮ್ಮೆ ಪುಸ್ತಕ ಮುಚ್ಚಿಟ್ಟ ಮೇಲೆ. ಸಿನಿಮಾ ಮಾಡುವವರು ಪಾತ್ರದ ಹೆಸರು ಬದಲಿಸಲಿ, ಊರು ಬದಲಿಸಲಿ, ಕೊನೆಯನ್ನೇ ತಿರುಗಿಸಲಿ. ತೆರೆಯ ಮುಂದೆ ಕುಳಿತವರ ಕಡೆಗೆ ಆ ಬೆರಳು ಇನ್ನೂ ಚಾಚಿದೆಯೇ, ಅಥವಾ ಅವರನ್ನು ಆರಾಮಾಗಿ ಬಿಟ್ಟು ಪಕ್ಕದ ಮನೆಯವರ ಕಡೆ ತಿರುಗಿದೆಯೇ? ನಿಷ್ಠೆ ಎಂಬ ಪದವನ್ನು ಬಳಸುವುದಾದರೆ ಅದು ಇಲ್ಲಿಗೆ ಸಲ್ಲಬೇಕು.

ನಮ್ಮಂತೆ ಉರ್ದು ಶಾಲೆಯ ಬೆಂಚಿನಲ್ಲೂ ಕೂತವರಿಗೆ ಪ್ರೇಮಚಂದ್ ಹೊಸಬರಲ್ಲ. ಅವರು 1924ರಲ್ಲಿ ಬರೆದ ಚದುರಂಗದ ಕತೆ ಹಿಂದಿಯಲ್ಲಿ 'ಶತ್ರಂಜ್ ಕೇ ಖಿಲಾಡಿ', ಉರ್ದುವಿನಲ್ಲಿ 'ಶತ್ರಂಜ್ ಕೀ ಬಾಜೀ'. 1856ರಲ್ಲಿ ಅವಧ್ ಕಂಪನಿಯ ಪಾಲಾಗುತ್ತಿರುವಾಗ ಲಖನೌದ ಇಬ್ಬರು ಜಹಗೀರುದಾರರು ಊರಾಚೆ ಹೋಗಿ ಆಟದಲ್ಲಿ ಮುಳುಗಿರುತ್ತಾರೆ. ನವಾಬನ ಬಂಧನವಾದರೂ ಕಣ್ಣಲ್ಲಿ ಹನಿ ನೀರಿಲ್ಲ. ಮರದ ವಜೀರನಿಗಾಗಿ ಮಾತಿಗೆ ಮಾತು ಬೆಳೆದು ಕತ್ತಿ ಹಿರಿದು ಇಬ್ಬರೂ ಸಾಯುತ್ತಾರೆ. 1977ರಲ್ಲಿ ಸತ್ಯಜಿತ್ ರಾಯ್ ಇದನ್ನು ಚಿತ್ರ ಮಾಡಿದಾಗ ಇಬ್ಬರನ್ನೂ ಬದುಕಿಸಿಬಿಟ್ಟರು. ಗುಂಡು ಹಾರುತ್ತದೆ, ಯಾರೂ ಸಾಯುವುದಿಲ್ಲ. ಒಂದಷ್ಟು ನಾಚಿಕೆ, ಆಮೇಲೆ ಮತ್ತೆ ಮಣೆ ಹಾಸಿ ಈ ಸಲ ಇಂಗ್ಲಿಷರ ನಿಯಮದಂತೆ ಆಟ. ಕತೆಯಲ್ಲಿ ತೆರೆಮರೆಯಲ್ಲಿದ್ದ ವಾಜಿದ್ ಅಲಿ ಶಾ ಚಿತ್ರದಲ್ಲಿ ದೊಡ್ಡ ಪಾತ್ರವಾದ. ಪ್ರೇಮಚಂದರ ಕೊನೆಯನ್ನೇ ಅಳಿಸಿದ ಈ ಚಿತ್ರವನ್ನು ದ್ರೋಹ ಎನ್ನೋಣವೇ? ನಮಗೆ ಹಾಗನ್ನಿಸುವುದಿಲ್ಲ. ಕತೆಯಲ್ಲಿ ಸತ್ತವರ ಬಗ್ಗೆ ಮರುಗಿ ಎದ್ದು ಹೋಗಬಹುದು. ಚಿತ್ರದಲ್ಲಿ ಅವರು ಬದುಕಿ ಆಟ ಮುಂದುವರಿಸುತ್ತಾರೆ. ನೋಡುತ್ತಿರುವ ನಾವೂ ಬದುಕಿದ್ದೇವೆ, ನಮ್ಮ ನಮ್ಮ ಮಣೆಯ ಮುಂದೆ. ಪ್ರಶ್ನೆ ಇನ್ನಷ್ಟು ಹತ್ತಿರ ಬಂತೇ ಹೊರತು ದೂರವಾಗಲಿಲ್ಲ.

ಪುಸ್ತಕಕ್ಕೆ ಹೆದರದವರು ಸಿನಿಮಾಕ್ಕೆ ಹೆದರುತ್ತಾರೆ. ಇದು ಮುಸ್ಲಿಮರಿಗೆ ಮಾತ್ರ ಅಂಟಿದ ರೋಗವೆಂದು ಕೆಲವರು ತಿಳಿದಿದ್ದಾರೆ. ಅನಂತಮೂರ್ತಿಯವರ 'ಸಂಸ್ಕಾರ' 1965ರಲ್ಲಿ ಪ್ರಕಟವಾಯಿತು. ಬೈದವರು ಬೈದರು, ಹೊಗಳಿದವರು ಹೊಗಳಿದರು, ಪುಸ್ತಕ ಅಂಗಡಿಯಲ್ಲಿ ಮಾರಾಟವಾಗುತ್ತಲೇ ಇತ್ತು. ಪಟ್ಟಾಭಿರಾಮ ರೆಡ್ಡಿಯವರು 1970ರಲ್ಲಿ ಅದನ್ನು ಚಿತ್ರ ಮಾಡಿದಾಗ ಸೆನ್ಸಾರ್ ಮಂಡಳಿ ಮೊದಲು ಅನುಮತಿಯನ್ನೇ ಕೊಡಲಿಲ್ಲ. ಮುಂದೆ ಅದೇ ಚಿತ್ರ ದೇಶದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಪಡೆಯಿತು. ಅಗ್ರಹಾರದವರೆಲ್ಲ ಶವಸಂಸ್ಕಾರಕ್ಕೆ ಹಿಂದೆ ಮುಂದೆ ನೋಡುವಾಗ ಆ ನಾರಣಪ್ಪನ ಹೆಣವನ್ನು ರಾತ್ರಿ ಗಾಡಿಯಲ್ಲಿ ಹೊತ್ತೊಯ್ದು ಸುಡಲು ಚಂದ್ರಿಗೆ ನೆರವಾದವನು ಮೀನು ವ್ಯಾಪಾರದ ಅಹಮದ್ ಬ್ಯಾರಿ. ಕಾದಂಬರಿಯ ಚರ್ಚೆಗಳಲ್ಲಿ ಅವನ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ, ನಾವಾದರೂ ನೆನಪಿಸಿಕೊಳ್ಳೋಣ.

ಅಂದರೆ ಮನೆಯೊಳಗಿನ ಹುಳುಕನ್ನು ಪುಸ್ತಕದಲ್ಲಿ ಬರೆದರೆ ಅದು ಮನೆಮಾತು, ತೆರೆಯ ಮೇಲೆ ತಂದರೆ ಬೀದಿಮಾತು ಎಂಬ ಅಳುಕು ಎಲ್ಲ ಸಮುದಾಯಗಳಲ್ಲೂ ಇದೆ. ಈ ಅಳುಕನ್ನು ಸುಮ್ಮನೆ ಹೀಗಳೆಯಲೂಬಾರದು. ಬೀದಿಯಲ್ಲಿ ನಿಂತವರು ಯಾರು, ಅವರ ಕೈಯಲ್ಲಿ ಏನಿದೆ ಎಂಬುದರ ಮೇಲೆ ಅದರ ತೂಕ ಬೇರೆಯಾಗುತ್ತದೆ. ಅಗ್ರಹಾರದ ಹುಳುಕು ಬೀದಿಗೆ ಬಂದರೆ ಅಗ್ರಹಾರದವರಿಗೆ ಮುಜುಗರವಾಗಬಹುದು. ಮೊಹಲ್ಲಾದ ಹುಳುಕು ಬೀದಿಗೆ ಬಂದರೆ ಮರುದಿನ ಬಾಡಿಗೆ ಮನೆ ಕೇಳಲು ಹೋದ ಹುಡುಗನಿಗೆ ಅದರ ಬಿಸಿ ತಟ್ಟಬಹುದು. ಹೀಗಿರುವಾಗ ನಮ್ಮ ಸಮುದಾಯದ ಹೆಣ್ಣುಮಕ್ಕಳು ಬರೆದ ಕತೆಗಳು ಚಿತ್ರವಾದಾಗ ಏನಾಯಿತೆಂಬುದನ್ನು ನಿಧಾನವಾಗಿ ನೋಡಬೇಕಾಗುತ್ತದೆ.

ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕತೆಯನ್ನು ಮೊದಲು ತೆಗೆದುಕೊಳ್ಳೋಣ. ಆಶ್ರಫ್ ಎಂಬ ಬಡ ಹೆಣ್ಣು. ಮೂರು ಹೆಣ್ಣುಮಕ್ಕಳನ್ನು ಹೆತ್ತಳೆಂದು ಗಂಡ ಯಾಕೂಬ ಕೈಬಿಟ್ಟಿದ್ದಾನೆ. ಮಗುವಿಗೆ ಕಾಯಿಲೆ. ಅವಳು ಕೇಳುವುದು ಕರುಣೆಯನ್ನಲ್ಲ, ಹಕ್ಕನ್ನು. ಅದಕ್ಕಾಗಿ ಮುತವಲ್ಲಿಯ ಮುಂದೆ ಹೋಗುತ್ತಾಳೆ, ಮಸೀದಿಯ ಮುಂದೆಯೇ ಮಗುವನ್ನು ಹಿಡಿದು ಕೂರುತ್ತಾಳೆ. ಮುತವಲ್ಲಿ ಇಂದು ನಾಳೆ ಎಂದು ದಿನ ತಳ್ಳುತ್ತಾನೆ. ಮಗು ಸಾಯುತ್ತದೆ. ಆಮೇಲೆ ಆ ಮುತವಲ್ಲಿ ಬೀದಿಯಲ್ಲಿ ನಡೆದರೆ ಹೆಂಗಸರ ಶಾಪ. ಕತೆಯ ಹೆಸರು ಬಂದದ್ದು ಆ ಶಾಪದಿಂದ. ಮುತವಲ್ಲಿಯ ಸ್ವಂತ ಹೆಂಡತಿಯೇ ಇನ್ನು ಹೆರುವುದು ಸಾಕೆಂದು ತನ್ನ ದಾರಿ ತಾನು ಹಿಡಿಯುತ್ತಾಳೆ. ಕತೆ ಕಟಕಟೆಗೆ ಹತ್ತಿಸಿದ್ದು ಯಾಕೂಬನನ್ನು ಮಾತ್ರ ಎಂದುಕೊಂಡರೆ ಓದು ಅರ್ಧವಾಯಿತು. ಅವಳು ಹೊರಗೆ ಕೂತಿದ್ದಾಗ ಒಳಗೆ ನಮಾಜು ಮುಗಿಸಿ ಚಪ್ಪಲಿ ಮೆಟ್ಟಿಕೊಂಡು ಅವಳನ್ನು ದಾಟಿ ಹೋದವರೆಲ್ಲ ಅಲ್ಲಿದ್ದಾರೆ. ಅಂದರೆ ನಾವು.

2004ರಲ್ಲಿ ಗಿರೀಶ್ ಕಾಸರವಳ್ಳಿಯವರು ಇದನ್ನು 'ಹಸೀನಾ' ಎಂಬ ಚಿತ್ರ ಮಾಡಿದರು. ಆಶ್ರಫ್ ಹೋಗಿ ಹಸೀನಾ ಆದಳು. ನಾಗರಗಳು ಹೋಗಿ ಅವಳ ಹೆಸರೇ ಚಿತ್ರದ ಹೆಸರಾಯಿತು. ಸಣ್ಣ ಬದಲಾವಣೆಯಂತೆ ಕಾಣುತ್ತದೆ. ಆದರೆ ಕತೆಯ ಹೆಸರಿನಲ್ಲಿ ಬಹುವಚನವಿತ್ತು, ಒಂದು ಬೀದಿಯ ಅಷ್ಟೂ ಹೆಂಗಸರ ಸಿಟ್ಟಿತ್ತು. ಚಿತ್ರದ ಹೆಸರಿನಲ್ಲಿ ಇರುವವಳು ಒಬ್ಬಳು. ಒಬ್ಬಳ ಕಷ್ಟವನ್ನು ನೋಡಿ ಅಯ್ಯೋ ಎನ್ನಬಹುದು. ಬೀದಿಯ ಸಿಟ್ಟಿಗೆ ಅಯ್ಯೋ ಎಂದರೆ ಸಾಲುವುದಿಲ್ಲ. ತಾರಾ ಅವರ ಅಭಿನಯ ಅಪರೂಪದ್ದು, ಅವರಿಗೆ ಅತ್ಯುತ್ತಮ ನಟಿ ಪ್ರಶಸ್ತಿ ಬಂದದ್ದು ಸರಿಯೇ. ಆದರೆ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂದ ವಿಭಾಗದ ಹೆಸರು ಕೇಳಿ: ಕುಟುಂಬ ಕಲ್ಯಾಣ. ಮಸೀದಿಯ ಬಾಗಿಲಲ್ಲಿ ನ್ಯಾಯ ಕೇಳಿದವಳ ಕತೆ ಸರಕಾರದ ಕಪಾಟಿನಲ್ಲಿ ಕುಟುಂಬ ಯೋಜನೆಯ ಖಾನೆಗೆ ಸೇರಿತು. ಬೊಳುವಾರು ಮಹಮದ್ ಕುಂಞಿಯವರ ಕತೆಯನ್ನು ಆಧರಿಸಿ ಪಿ. ಶೇಷಾದ್ರಿಯವರು ಮಾಡಿದ 2000ದ 'ಮುನ್ನುಡಿ'ಗೆ ಸಿಕ್ಕಿದ್ದು 'ಇತರ ಸಾಮಾಜಿಕ ಸಮಸ್ಯೆ'ಗಳ ಖಾನೆ. ಚಿತ್ರ ಮಾಡಿದವರ ತಪ್ಪು ಇದರಲ್ಲಿ ಇಲ್ಲ. ಆದರೆ ನಮ್ಮ ಕತೆಗಳನ್ನು ಜನ ಯಾವ ಕಪಾಟಿನಲ್ಲಿ ಹುಡುಕುತ್ತಾರೆಂದು ಇದರಿಂದ ತಿಳಿಯುತ್ತದೆ.

ನಮ್ಮ ಊರಿನ ನೆತ್ತಿಯ ಮೇಲೊಂದು ಬೆಟ್ಟವಿದೆ. ಬೆಂಗಳೂರಿನಿಂದ ರಾತ್ರಿ ಬಂದು ಹತ್ತುವ ಹುಡುಗ ಹುಡುಗಿಯರಿಗೆ ಅದು ಸ್ಕಂದಗಿರಿ, ನಮಗೆ ಕಳವಾರ ಬೆಟ್ಟ. ಬೆಳಗಿನ ಜಾವ ಮೇಲಿನಿಂದ ನೋಡಿದರೆ ಕೆಳಗೆಲ್ಲ ಮೋಡದ ಸಮುದ್ರ. ಅವರು ಫೋಟೋ ತೆಗೆದುಕೊಂಡು ಹೋಗುತ್ತಾರೆ. ಫೋಟೋ ಸುಳ್ಳಲ್ಲ, ಮೋಡ ನಿಜವಾಗಿಯೂ ಇರುತ್ತದೆ. ಅದೇ ಹೊತ್ತಿಗೆ ಆ ಮೋಡದ ಅಡಿಯಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೊರಟವಳಿಗೆ ಅದು ಮಂಜು, ಸೆರಗು ಒದ್ದೆ ಮಾಡುವ ಮಂಜು. ದೆಹಲಿಯ ಚಿತ್ರೋತ್ಸವದಲ್ಲಿ 'ಹಸೀನಾ' ನೋಡಿದವರು ಸುಳ್ಳನ್ನು ನೋಡಲಿಲ್ಲ. ಆದರೆ ಅವರಿಗೆ ಉತ್ತರ ಕೊಡಬೇಕಾದ ಮಸೀದಿಯ ಬಾಗಿಲು ಇರಲಿಲ್ಲ. ಪಂಚಾಯಿತಿ ಕಟ್ಟೆ, ಕಚೇರಿಯ ಮೇಜು, ಕೋರ್ಟಿನ ವಾಯಿದೆ ಇವೂ ಮಸೀದಿಯ ಬಾಗಿಲುಗಳೇ ಎಂದು ಹೊಳೆದವರು ಮಾತ್ರ ಕತೆಯನ್ನು ತಮ್ಮದಾಗಿಸಿಕೊಂಡರು. ಉಳಿದವರು 'ಅವರಲ್ಲಿ ಹೀಗೆ' ಎಂದು ಎದ್ದು ಹೋದರು.

ಹಾಗೆಂದು ಇದೇ ಕಾರಣವನ್ನು ಮುಂದೆ ಮಾಡಿ 'ಬರೆಯಬೇಡಿ, ಚಿತ್ರ ಮಾಡಲು ಕೊಡಬೇಡಿ' ಎನ್ನುವ ನಮ್ಮವರ ಜೊತೆ ನಾವು ನಿಲ್ಲಲಾರೆವು. ಹೆಂಗಸರ ಮಸೀದಿ ಪ್ರವೇಶದ ಪರವಾಗಿ ಮಾತಾಡಿದ್ದಕ್ಕೆ 2000ದಲ್ಲಿ ಬಾನು ಮುಷ್ತಾಕ್ ಅವರು ಸಾಮಾಜಿಕ ಬಹಿಷ್ಕಾರ ಎದುರಿಸಬೇಕಾಯಿತು. ಆಗ ಸಿನಿಮಾವೂ ಇರಲಿಲ್ಲ, ದೆಹಲಿಯ ಪ್ರೇಕ್ಷಕರೂ ಇರಲಿಲ್ಲ. ಮನೆಯ ಮರ್ಯಾದೆ ಎಂಬ ಮಾತು ಎಷ್ಟೋ ಸಲ ಮನೆಯೊಳಗೆ ಹೊಡೆತ ತಿಂದವಳ ಬಾಯಿಗೆ ಒತ್ತಿದ ಬಟ್ಟೆಯೇ ಆಗಿರುತ್ತದೆ. ಹೊರಗಿನವರು ನಗುತ್ತಾರೆಂದು ಒಳಗಿನವಳು ಅಳಬಾರದೇ?

ಇನ್ನೊಂದು ಮುಖ್ಯ ಸಂಗತಿಯನ್ನು ನಾವು ಮರೆಯುತ್ತೇವೆ. ಆಶ್ರಫಳ ಕತೆ ಇರುವುದು ಕನ್ನಡದಲ್ಲಿ. ಆಶ್ರಫಳಿಗೆ ಕನ್ನಡ ಓದಲು ಬರುತ್ತದೆಯೇ? ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಹಿರಿಯ ಹೆಂಗಸರು ಅರಬಿ ಅಕ್ಷರ ಕೂಡಿಸಿ ಕುರ್‌ಆನ್ ಓದಬಲ್ಲರು, ಕೆಲವರು ಉರ್ದು ಓದಬಲ್ಲರು, ಬಸ್ಸಿನ ಬೋರ್ಡು ಮಾತ್ರ ಇನ್ನೊಬ್ಬರನ್ನು ಕೇಳಿ ತಿಳಿಯಬೇಕು. ಅವರ ಬಗ್ಗೆ ನಾವು ಕನ್ನಡದಲ್ಲಿ ಬರೆದದ್ದನ್ನು ಅವರು ಎಂದೂ ಓದಲಾರರು. ನಾವು ಅವರನ್ನು ಕುರಿತು ಬೇರೆ ಯಾರಿಗೋ ಹೇಳುತ್ತಿದ್ದೇವೆ. ಸಿನಿಮಾ ಒಂದೇ ಆ ಕತೆಯನ್ನು ಅದು ಯಾರದೋ ಅವರ ಕೈಗೆ ಹಿಂದಿರುಗಿಸಬಲ್ಲದು. ನೋಡಲು ಅಕ್ಷರ ಬೇಡ. ಕೇಳಲು ಕಿವಿ ಸಾಕು. ಪುಸ್ತಕವೇ ಮೇಲು ಎಂದು ಸುಲಭವಾಗಿ ಹೇಳುವ ನಮ್ಮಂಥ ಓದುಬರಹದವರು ಈ ಒಂದು ವಿಷಯದಲ್ಲಿ ಸ್ವಲ್ಪ ತಗ್ಗಬೇಕು.

ಸಂಕಟವೆಂದರೆ ಹಿಂದಿರುಗಿಸಬಲ್ಲದ್ದು ಹಿಂದಿರುಗಿಸಲಿಲ್ಲ. ನಮ್ಮ ಕಡೆಯ ಥಿಯೇಟರುಗಳಲ್ಲಿ ತೆಲುಗು ಚಿತ್ರಗಳದೇ ಕಾರುಬಾರು; ಕನ್ನಡದ ಸ್ಟಾರುಗಳ ಚಿತ್ರವೇ ಕೆಲವೊಮ್ಮೆ ವಾರ ನಿಲ್ಲುವುದಿಲ್ಲ. ದೂರದರ್ಶನದಲ್ಲಿ ಭಾನುವಾರ ಮಧ್ಯಾಹ್ನ ಬೇರೆ ಬೇರೆ ಭಾಷೆಗಳ ಪ್ರಶಸ್ತಿಚಿತ್ರ ಹಾಕುತ್ತಿದ್ದ ಕಾಲದಲ್ಲಿ, ಊಟದ ನಂತರದ ತೂಕಡಿಕೆಯಲ್ಲೇ ಆಗಲಿ, ಒಂದಷ್ಟು ಒಳ್ಳೆಯ ಚಿತ್ರಗಳು ಹಳ್ಳಿಯ ಮನೆಯೊಳಗೆ ಬಂದುಹೋಗುತ್ತಿದ್ದವು. ಆ ದಾರಿಯೂ ಮುಂದೆ ಮುಚ್ಚಿತು. ಪ್ರಶಸ್ತಿ ದೆಹಲಿಯಿಂದ ಬಂತು, ಚಿತ್ರ ಕಳವಾರಕ್ಕೆ ಬರಲಿಲ್ಲ. ಕತೆಯ ಪ್ರಶ್ನೆಗೆ ಉತ್ತರಿಸಬೇಕಾದವರು ನೋಡಲಿಲ್ಲ, ಕತೆ ಯಾರದೋ ಅವರೂ ನೋಡಲಿಲ್ಲ.

ಬರವಣಿಗೆಗೂ ಕ್ಯಾಮರಾಕ್ಕೂ ಇರುವ ಒಂದು ವ್ಯತ್ಯಾಸ ಇಲ್ಲಿ ಬಹಳ ಕೆಲಸ ಮಾಡುತ್ತದೆ. ಬರೆಯುವವರಿಗೆ ಹೇಳದೆ ಬಿಡುವ ಸ್ವಾತಂತ್ರ್ಯವಿದೆ. ಕತೆಯಲ್ಲಿ ಬುರ್ಖಾ ಒಂದು ಸಲ ಬಂದರೆ ಬಂತು, ಆಮೇಲೆ ಓದುವವನು ಅದನ್ನು ಮರೆತು ಹೆಂಗಸಿನ ಮನಸ್ಸಿನ ಜೊತೆ ನಡೆಯುತ್ತಾನೆ. ಕ್ಯಾಮರಾ ಮರೆಯುವುದಿಲ್ಲ. ತೆರೆಯ ಮೇಲೆ ಅವಳಿರುವಷ್ಟು ಹೊತ್ತೂ ಬುರ್ಖಾ ಇರುತ್ತದೆ, ಅವಳಿಗಿಂತ ಮೊದಲು ಅದೇ ಕಣ್ಣಿಗೆ ಬೀಳುತ್ತದೆ. ಒಳ್ಳೆಯ ನಿರ್ದೇಶಕರು ಇದನ್ನು ಅರಿತು ಮುಖದ ಹತ್ತಿರ ಹೋಗುತ್ತಾರೆ. ಉಳಿದವರಿಗೆ ಗುರುತು ಸಿಕ್ಕಿದರೆ ಸಾಕು.

ಕೆಲವು ವರ್ಷಗಳ ಹಿಂದೆ ಧಾರಾವಾಹಿ ತಯಾರಿಸುವವರೊಬ್ಬರು ನಮ್ಮದೊಂದು ಕತೆ ಕೇಳಿಕೊಂಡು ಬಂದಿದ್ದರು. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಮನೆಯೊಂದರ ಕತೆ ಅದು; ಸಾಲಕ್ಕೆ ಸಿಕ್ಕ ತಂದೆ, ಓದು ಬಿಟ್ಟ ಮಗಳು. ಅವರ ಕೋರಿಕೆ ಇಷ್ಟೇ: ತಂದೆ ಪ್ರತಿ ದೃಶ್ಯದಲ್ಲೂ ಟೋಪಿ ಹಾಕಿರಬೇಕು, ಕಣ್ಣಿಗೆ ಸುರ್ಮಾ ಇರಬೇಕು, ಮಾತಿಗೊಮ್ಮೆ 'ಯಾ ಅಲ್ಲಾ' ಎನ್ನಬೇಕು. ಇಲ್ಲದಿದ್ದರೆ ಅವನು ಯಾರೆಂದು ನೋಡುವವರಿಗೆ ಹೇಗೆ ಗೊತ್ತಾಗಬೇಕು ಸಾರ್, ಎಂದರು. ಗೂಡು ಕುದಿಯುವ ಬಿಸಿನೀರಿನ ಮುಂದೆ, ಆ ಹಬೆಯಲ್ಲಿ, ಸತ್ತ ಹುಳುವಿನ ವಾಸನೆಯಲ್ಲಿ ಬೆಳಗಿನಿಂದ ನಿಂತವನ ಮೈಮೇಲೆ ಬನಿಯನ್ನು, ಲುಂಗಿ, ಹೆಗಲಿಗೊಂದು ಟವೆಲು. ಸುರ್ಮಾ ಹಚ್ಚಿದರೂ ಹತ್ತು ನಿಮಿಷಕ್ಕೆ ಬೆವರಿನಲ್ಲಿ ಇಳಿದುಹೋಗುತ್ತದೆ. ಮೇಲಾಗಿ ಅವನ ಸಾಲಕ್ಕೂ ಸುರ್ಮಾಕ್ಕೂ ಏನು ಸಂಬಂಧ? ಪಕ್ಕದ ಮನೆಯ ಹಿಂದೂ ರೀಲರನ ಸಾಲವೂ ಅಷ್ಟೇ, ಬಡ್ಡಿಯೂ ಅಷ್ಟೇ. ಮಾತು ಮುಂದುವರಿಯಲಿಲ್ಲ. ಕತೆ ನಮ್ಮಲ್ಲೇ ಉಳಿಯಿತು.

ಹಾಗಾದರೆ ಮೂಲದಲ್ಲಿದ್ದುದನ್ನು ಇದ್ದ ಹಾಗೆಯೇ ಇ‌ಡಬೇಕೆಂದು ವಾದಿಸುತ್ತಿದ್ದೇವೆಯೇ? ಇಲ್ಲ. ಅದಕ್ಕೆ ಇದೇ ಕಾಸರವಳ್ಳಿಯವರ 2008ರ 'ಗುಲಾಬಿ ಟಾಕೀಸ್' ಒಳ್ಳೆಯ ಉತ್ತರ. ವೈದೇಹಿಯವರ 'ಗುಲಾಬಿ ಟಾಕೀಸು ಮತ್ತು ಸಣ್ಣ ಅಲೆಗಳು' ಕತೆಯಲ್ಲಿ ಊರಿಗೆ ಬರುವುದು ಸಿನಿಮಾ ಟಾಕೀಸು. ಮನೆಯೊಳಗಿನ ಹೆಂಗಸರ ಬದುಕಿನಲ್ಲಿ ಅದು ಎಬ್ಬಿಸುವ ಅಲೆಗಳೇ ಅಲ್ಲಿನ ವಸ್ತು. ಚಿತ್ರದಲ್ಲಿ ಟಾಕೀಸಿನ ಜಾಗಕ್ಕೆ ಬಣ್ಣದ ಟಿ.ವಿ. ಮತ್ತು ಡಿಶ್ ಬಂದವು. ಕಾಲ 1999ರ ಕಾರ್ಗಿಲ್ ಯುದ್ಧದ ಆಸುಪಾಸಿಗೆ ಜರುಗಿತು. ಜಾಗ ಕುಂದಾಪುರದ ಕಡೆಯ ಮೀನುಗಾರರ ಒಂದು ಕುದ್ರು. ಗುಲಾಬಿ ಎಂಬ ಹೆಸರು ಒಬ್ಬ ಮುಸ್ಲಿಮ್ ಸೂಲಗಿತ್ತಿಯದಾಯಿತು. ಮೂಲಕತೆಯಲ್ಲಿ ಗುಲಾಬಿ ಎಂಬ ಮುಸ್ಲಿಮ್ ಹೆಣ್ಣು ಇಲ್ಲ. ಸಾಲು ಸಾಲಾಗಿ ಹೋಲಿಸುವವರಿಗೆ ಇದಕ್ಕಿಂತ ದೊಡ್ಡ ಅಪಚಾರ ಬೇಕೇ?

ಆದರೆ ಚಿತ್ರವನ್ನು ನೋಡಿದರೆ ಬೇರೆಯೇ ಅನಿಸುತ್ತದೆ. ಹೆರಿಗೆ ಮಾಡಿಸಿದ್ದಕ್ಕೆ ಸಿಕ್ಕ ಟಿ.ವಿ.ಯನ್ನು ನೋಡಲು ಅಕ್ಕಪಕ್ಕದ ಹೆಂಗಸರೆಲ್ಲ ಗುಲಾಬಿಯ ಗುಡಿಸಲಿಗೆ ಬರುತ್ತಾರೆ. ಗಂಡ ಮೂಸಾ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ್ದಾನೆ, ಇವಳಿಗೆ ಸಿನಿಮಾದ ಹುಚ್ಚು, ಮಕ್ಕಳಿಲ್ಲದ ಮನೆಗೆ ಜನ ತುಂಬಿದ ಸಂಭ್ರಮ. ಅದೇ ಟಿ.ವಿ.ಯಲ್ಲಿ ಯುದ್ಧದ ಸುದ್ದಿ ಬರುತ್ತದೆ. ಕಡಲಿನಲ್ಲಿ ಸಣ್ಣ ದೋಣಿಗೂ ದೊಡ್ಡ ಬೋಟಿಗೂ ನಡೆಯುತ್ತಿದ್ದ ಹೊಟ್ಟೆಪಾಡಿನ ಜಗಳ ಮೆಲ್ಲಗೆ ಹಿಂದೂ ಮುಸ್ಲಿಮ್ ಜಗಳದ ಬಣ್ಣ ಪಡೆಯುತ್ತದೆ. ಕುದ್ರುವಿನ ಮಕ್ಕಳಿಗೆ ಸೂಲಗಿತ್ತಿಯಾಗಿದ್ದವಳನ್ನು ಕುದ್ರುವಿನಿಂದಲೇ ಹೊರಹಾಕುತ್ತಾರೆ. ಇಲ್ಲಿ ಬೆರಳು ಯಾವ ಮುತವಲ್ಲಿಯ ಕಡೆಗೂ ಇಲ್ಲ. ಟಿ.ವಿ. ಮುಂದೆ ಕೂತು ಬದಲಾದವರ ಕಡೆಗಿದೆ. ಅಂದರೆ ತೆರೆಯ ಮುಂದೆ ಕೂತ ಎಲ್ಲರ ಕಡೆಗೂ. ಉಮಾಶ್ರೀ ಅವರು ಗುಲಾಬಿಯನ್ನು 'ಮುಸ್ಲಿಮ್ ಹೆಂಗಸು' ಎಂದು ಅಭಿನಯಿಸಲಿಲ್ಲ, ಸಿನಿಮಾ ಹುಚ್ಚಿನ ಒಬ್ಬ ಒಂಟಿ ಹೆಂಗಸೆಂದು ಅಭಿನಯಿಸಿದರು. ಅವಳು ಮುಸ್ಲಿಮಳೆಂದು ಊರವರು ನೆನಪಿಸಿದಾಗಲೇ ನಮಗೂ ನೆನಪಾಗುವುದು. ವೈದೇಹಿಯವರ ಕತೆ ಕೇಳಿದ್ದೂ, ಪರದೆಯೊಂದು ಬಂದಾಗ ಹೆಂಗಸರ ಲೋಕಕ್ಕೆ ಏನಾಗುತ್ತದೆ ಎಂಬ ಪ್ರಶ್ನೆಯನ್ನೇ. ಅರವತ್ತು ಎಪ್ಪತ್ತರ ಟಾಕೀಸಿಗೆ ಕೇಳಿದ ಪ್ರಶ್ನೆಯನ್ನು ತೊಂಬತ್ತರ ಟಿ.ವಿ.ಗೆ ಕೇಳಿದರೆ ಉತ್ತರ ಬೇರೆ ಬರುವುದು ಸಹಜ. ಎಲ್ಲವನ್ನೂ ಬದಲಿಸಿಯೂ ಕತೆಗೆ ನಿಷ್ಠವಾಗಿರಬಹುದೆಂದು ನಮಗೆ ಮನವರಿಕೆ ಮಾಡಿದ ಚಿತ್ರ ಇದು.

ಬದಲಿಸುವ ಸ್ವಾತಂತ್ರ್ಯಕ್ಕೆ ನಾವು ಇಷ್ಟು ಧಾರಾಳವಾಗಿ ಕೈಬಿಚ್ಚುವುದು ಒಂದೇ ಷರತ್ತಿನ ಮೇಲೆ: ಬರೆದವರನ್ನು ಕೇಳಬೇಕು, ಅವರ ಹೆಸರು ಹೇಳಬೇಕು. ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ ಸೊತ್ತು. ಅದೇ ಪದ ಕನ್ನಡಕ್ಕೆ ಬಂದು ಅಮಾನತು ಆದಾಗ ಕೆಲಸದಿಂದ ದೂರವಿಡುವುದು ಎಂಬ ಅರ್ಥ ಪಡೆಯಿತು. ಕತೆ ತೆರೆಗೆ ಹೋಗುವಾಗ ಬರೆದವರು ಉರ್ದುವಿನ ಅರ್ಥದಲ್ಲಿ ಒಪ್ಪಿಸಿ, ಕನ್ನಡದ ಅರ್ಥದಲ್ಲಿ ಹೊರಗಾಗುವುದು ಉಂಟು. ಒಪ್ಪಿಸದೆಯೇ ಹೊರಗಾದ ಉದಾಹರಣೆಯೂ ನಮ್ಮ ನಡುವೆಯೇ ಇದೆ.

ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' 1981ರಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಬಂದಾಗ ಕನ್ನಡದ ಓದುಗರಿಗೆ ಅದು ಹೊಸ ಲೋಕ. ನಾದಿರಾಳ ಗಂಡ ರಶೀದ ಕೆಟ್ಟವನಲ್ಲ, ಅವರಿಬ್ಬರ ನಡುವೆ ಪ್ರೀತಿಯಿದೆ. ಹಣದ ವಿಷಯಕ್ಕೆ ಅಳಿಯನ ಮೇಲೆ ಹಠ ಸಾಧಿಸಿ ತಲಾಖ್ ಕೊಡಿಸುವವನು ಅವಳ ಸ್ವಂತ ತಂದೆ ಮಹಮ್ಮದ್ ಖಾನ್. ಮತ್ತೆ ಗಂಡನನ್ನು ಸೇರಬೇಕಾದರೆ ಇನ್ನೊಬ್ಬನನ್ನು ಒಂದು ರಾತ್ರಿಗೆ ಮದುವೆಯಾಗಬೇಕೆಂಬ ಕಟ್ಟಳೆಯ ಮುಂದೆ ನಿಂತ ನಾದಿರಾ ಮಸೀದಿಯ ಕೆರೆಯಲ್ಲಿ ಕೊನೆಯಾಗುತ್ತಾಳೆ. ಒಂದೇ ಉಸಿರಿನ ಮೂರು ತಲಾಖನ್ನು ಸುಪ್ರೀಂ ಕೋರ್ಟು 2017ರಲ್ಲಿ ಅಸಿಂಧುವೆಂದಿತು, 2019ರಲ್ಲಿ ಕಾನೂನೂ ಬಂತು. ಹಾಗಾದರೆ ಈ ಕಾದಂಬರಿ ಹಳತಾಯಿತೇ ಎಂದು ಕೇಳುವವರಿದ್ದಾರೆ. ಮಹಮ್ಮದ್ ಖಾನನಂಥ ತಂದೆಯ ಹಠವನ್ನು ಯಾವ ಕೋರ್ಟು ಅಸಿಂಧುಗೊಳಿಸಿದೆ? ಸಾರಾ ಅವರ ಬೆರಳಿದ್ದದ್ದು ಗಂಡಂದಿರ ಕಡೆಗಿಂತ ಹೆಚ್ಚಾಗಿ, ಮಗಳನ್ನು ತನ್ನ ಸೊತ್ತೆಂದು ತಿಳಿದ ತಂದೆಯ ಕಡೆಗೆ. ಆ ಬೆರಳಿಗೆ ಧರ್ಮದ ಗಡಿಯಿಲ್ಲ.

2011ರಲ್ಲಿ ಕೆ.ಪಿ. ಸುವೀರನ್ ನಿರ್ದೇಶನದ 'ಬ್ಯಾರಿ' ಬಂತು. ಆ ಭಾಷೆಯ ಮೊದಲ ಚಿತ್ರ. ಮರಾಠಿಯ 'ದೇಊಳ್' ಜೊತೆ ದೇಶದ ಅತ್ಯುತ್ತಮ ಚಿತ್ರವೆಂಬ ಸ್ವರ್ಣಕಮಲವನ್ನು ಹಂಚಿಕೊಂಡಿತು. ತಮ್ಮ ಕಾದಂಬರಿಯನ್ನೇ ಅನುಮತಿಯಿಲ್ಲದೆ ಬಳಸಿದ್ದಾರೆಂದು ಸಾರಾ ಅವರು ನಿರ್ಮಾಪಕರ ಮೇಲೆ ದಾವೆ ಹೂಡಿದರು. ಜಿಲ್ಲಾ ನ್ಯಾಯಾಲಯ ಅವರ ಮಾತನ್ನು ಎತ್ತಿಹಿಡಿಯಿತು.

ಈ ಪ್ರಕರಣದಲ್ಲಿ ನಮ್ಮನ್ನು ಕಾಡುವ ಒಂದು ವಿಷಯವಿದೆ. ಸಾರಾ ಅವರ ಪಾತ್ರಗಳು ನಿಜಜೀವನದಲ್ಲಿ ಕನ್ನಡ ಆಡುವವರಲ್ಲ. ಚಂದ್ರಗಿರಿ ಹೊಳೆಯ ಆಚೀಚಿನ ಮುಸ್ಲಿಮರ ಮನೆಯೊಳಗಿನ ಮಾತು ಬ್ಯಾರಿ ಅಥವಾ ಮಲಯಾಳ. ಕಾದಂಬರಿಕಾರ್ತಿ ಒಳಗೊಳಗೇ ಅನುವಾದ ಮಾಡಿಕೊಂಡು ಅವರಿಂದ ಕನ್ನಡ ಆಡಿಸಿದರು. ನಾವೂ ಮಾಡುವುದು ಅದನ್ನೇ. ನಮ್ಮ ಪಾತ್ರಗಳು ದಖ್ಖನಿಯಲ್ಲಿ ಜಗಳವಾಡುತ್ತವೆ, ಸಂತೆಯಲ್ಲಿ ತೆಲುಗಿನಲ್ಲಿ ಚೌಕಾಸಿ ಮಾಡುತ್ತವೆ, ಕಾಗದಕ್ಕೆ ಇಳಿಯುವಾಗ ಮಾತ್ರ ಶುದ್ಧ ಕನ್ನಡಿಗರಾಗುತ್ತವೆ. 'ಬ್ಯಾರಿ' ಚಿತ್ರ ಆ ಜನರ ಬಾಯಿಗೆ ಅವರ ಮಾತನ್ನು ಹಿಂದಿರುಗಿಸಿತು. ಈ ಒಂದು ವಿಷಯದಲ್ಲಿ ಅದು ಕಾದಂಬರಿಗಿಂತ ಒಂದು ಹೆಜ್ಜೆ ಮುಂದಿತ್ತು. ಅಂಥ ಚಿತ್ರವೇ ಬರೆದವರನ್ನು ಒಂದು ಮಾತು ಕೇಳದೆ ಹೋಯಿತು. ಒಳ್ಳೆಯ ಕೆಲಸ ಮಾಡುತ್ತಿದ್ದೇವೆಂಬ ನಂಬಿಕೆಯಲ್ಲಿ ಹೆಸರಿನ ಸಾಲವನ್ನು ತೀರಿಸದಿದ್ದರೆ ನಡೆಯುತ್ತದೆಯೇ?

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ರೈತ ತನ್ನ ಗೂಡನ್ನು ಜಾಲರಿಯಲ್ಲಿ ಸುರಿದಾಗ ಅದಕ್ಕೊಂದು ಲಾಟು ನಂಬರು, ಅವನ ಹೆಸರಿನ ಚೀಟಿ. ಹರಾಜಿನಲ್ಲಿ ಕೊಂಡ ರೀಲರು ಅದನ್ನು ಮನೆಗೊಯ್ದು ಬೇಯಿಸುತ್ತಾನೆ, ಎಳೆ ಹುಡುಕುತ್ತಾನೆ, ಹತ್ತಾರು ಗೂಡಿನ ಎಳೆ ಸೇರಿಸಿ ಒಂದು ನೂಲು ಮಾಡುತ್ತಾನೆ. ನೂಲು ಗೂಡಿನ ಹಾಗಿಲ್ಲವೆಂದು ಯಾವ ರೈತನೂ ದೂರುವುದಿಲ್ಲ. ಚೀಟಿಯಿಲ್ಲದೆ ಗೂಡು ಹೊತ್ತೊಯ್ದರೆ ಮಾತ್ರ ಬೊಬ್ಬೆ ಹಾಕುತ್ತಾನೆ. ಸಾರಾ ಅಬೂಬಕ್ಕರ್ ಅವರು ಮಾಡಿದ್ದೂ ಅದನ್ನೇ. ಅವರ ಜಗಳ ಚಿತ್ರದಲ್ಲಿ ಏನು ಬದಲಾಯಿತೆಂಬುದಕ್ಕಲ್ಲ, ಚೀಟಿಗೆ. 2023ರ ಜನವರಿಯಲ್ಲಿ ಅವರು ತೀರಿಕೊಂಡಾಗ ಶ್ರದ್ಧಾಂಜಲಿ ಬರೆದವರಲ್ಲಿ ಎಷ್ಟೋ ಮಂದಿ ಕಾದಂಬರಿಯನ್ನು ನೆನೆದರು, ಕೋರ್ಟಿನ ಮೆಟ್ಟಿಲು ಹತ್ತಿದ ಆ ಇಳಿವಯಸ್ಸಿನ ಹಠವನ್ನು ನೆನೆದವರು ಕಡಿಮೆ.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಹನ್ನೆರಡು ಕತೆಗಳ ಇಂಗ್ಲಿಷ್ ಸಂಕಲನ 'ಹಾರ್ಟ್ ಲ್ಯಾಂಪ್' ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ದೀಪಾ ಭಾಸ್ತಿ ಅವರ ಅನುವಾದದ ಆ ಪುಸ್ತಕದಲ್ಲಿ 'ಕರಿ ನಾಗರಗಳು' ಕೂಡ ಇದೆ, ಆಶ್ರಫ್ ಅಲ್ಲಿ ಆಶ್ರಫಳಾಗಿಯೇ ಇದ್ದಾಳೆ. 'ಹಸೀನಾ' ನೋಡದ, ಮುಂದೆಯೂ ನೋಡದ ಎಷ್ಟೋ ದೇಶದ ಓದುಗರು ಈಗ ಅವಳನ್ನು ಮಸೀದಿಯ ಮುಂದೆ ಕಂಡಿದ್ದಾರೆ. ಪ್ರಶಸ್ತಿಯ ಸುದ್ದಿ ಬಂದ ದಿನ ನಮ್ಮ ಕಡೆಯ ವಾಟ್ಸ್‌ಆಪ್ ಗುಂಪುಗಳಲ್ಲೂ ಅಭಿನಂದನೆಯ ಸುರಿಮಳೆ. ಇಪ್ಪತ್ತೈದು ವರ್ಷಗಳ ಹಿಂದಿನ ಬಹಿಷ್ಕಾರದ ಮಾತನ್ನು ಎತ್ತಿದವರು ಆ ಗುಂಪುಗಳಲ್ಲಿ ನಮಗೆ ಕಾಣಲಿಲ್ಲ.

ಇಂದು ಶಿಡ್ಲಘಟ್ಟ, ಚಿಂತಾಮಣಿಯ ಕಾಲೇಜುಗಳಲ್ಲಿ ಓದುವ ನಮ್ಮ ಹುಡುಗಿಯರು ಮೊಬೈಲಿನಲ್ಲೇ ಕಿರುಚಿತ್ರ ತೆಗೆಯುತ್ತಾರೆ, ಅದರಲ್ಲೇ ಕತ್ತರಿಸಿ ಜೋಡಿಸುತ್ತಾರೆ. ಅವರಲ್ಲೊಬ್ಬಳು ಲೇಖಕಿಯ ಒಪ್ಪಿಗೆ ಪಡೆದು ಈ ಕತೆಯನ್ನು ಮತ್ತೊಮ್ಮೆ ಚಿತ್ರ ಮಾಡಹೊರಟರೆ ದಖ್ಖನಿಯಲ್ಲೇ ಮಾಡಬಹುದು, ಕೊನೆಯನ್ನು ತನಗೆ ತೋಚಿದಂತೆ ತಿರುಗಿಸಬಹುದು. ಅದನ್ನು ಅವಳ ನಾನಿ ಅಡುಗೆಮನೆಯಲ್ಲಿ ಕೂತು, ಓದಲು ಬಾರದಿದ್ದರೂ, ಪೂರ್ತಿ ನೋಡಬಹುದು. ಶುಕ್ರವಾರದ ನಮಾಜು ಮುಗಿಸಿ ಬಂದ ನಾನಾನ ಕೈಗೂ ಆ ಮೊಬೈಲನ್ನು ಅವಳು ಕೊಡುತ್ತಾಳೋ ಇಲ್ಲವೋ, ಅದನ್ನು ನಾವು ಕಾದು ನೋಡಬೇಕು.